ವಕೀಲರು ಹೋಗಲಿಲ್ಲ, ಅಪೀಲು ವಜಾ ಆಯ್ತು: ಕೋರ್ಟು ಮತ್ತೆ ಯಾಕೆ ತೆರೆಯೋದಿಲ್ಲ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನವರು. ಅಪ್ಪನ ಸ್ವಾಧೀನದಲ್ಲಿರುವ 2 ಎಕರೆ 10 ಗುಂಟೆ ಜಮೀನಿನ ಮೇಲೆ ದಾಯಾದಿಗಳು ದಾವೆ ಹಾಕಿ 2018ರಲ್ಲಿ ಗೆದ್ದರು. ಅಪ್ಪ ಬಾಗಲಕೋಟೆ ಜಿಲ್ಲಾ ಕೋರ್ಟಿನಲ್ಲಿ ಅಪೀಲು ಹಾಕಿದರು, ಸ್ಟೇ ಕೂಡ ಸಿಕ್ಕಿತ್ತು. "ಫೈನಲ್ ಹಿಯರಿಂಗ್ ಬಂದಾಗ ಹೇಳ್ತೀನಿ, ಅಲ್ಲೀತನಕ ಬರೋದು ಬೇಡ" ಅಂತ ವಕೀಲರು ಹೇಳಿದ್ದರು. 2024ರ ಆಗಸ್ಟಿನಲ್ಲಿ ಎಕ್ಸಿಕ್ಯೂಷನ್ (ತೀರ್ಪು ಜಾರಿ) ನೋಟಿಸ್ ಬಂತು. ವಿಚಾರಿಸಿದರೆ ಅಪೀಲು 2021ರ ನವೆಂಬರ್ 18ಕ್ಕೇ ಗೈರುಹಾಜರಿಗೆ ವಜಾ ಆಗಿದೆ. ಬೇರೆ ವಕೀಲರನ್ನು ಹಿಡಿದು ಸೆಪ್ಟೆಂಬರ್ 10ಕ್ಕೆ ಅರ್ಜಿ ಹಾಕಿದೆವು. 997 ದಿನದ ವಿಳಂಬಕ್ಕೆ ಸರಿಯಾದ ಕಾರಣ ಇಲ್ಲ ಅಂತ ಹೋದ ತಿಂಗಳು ಅದೂ ವಜಾ ಆಯಿತು. ವಕೀಲರ ತಪ್ಪಿಗೆ ನಮಗ್ಯಾಕೆ ಶಿಕ್ಷೆ? ಮುಂದೇನು ದಾರಿ? ಅರ್ಜಿ, ಆದೇಶದ ಪ್ರತಿ ಜೊತೆಗಿಟ್ಟಿದ್ದೇನೆ.

ಉತ್ತರ: ಮೊದಲು ಕೆಲಸದ ಮಾತು. ನಿಮಗೆ ಇನ್ನೂ ಒಂದು ಬಾಗಿಲು ಇದೆ. ಅದು ಹೈಕೋರ್ಟಿನ ಧಾರವಾಡ ಪೀಠ. ವಜಾ ಆದ ಅಪೀಲನ್ನು ಮತ್ತೆ ತೆಗೆದುಕೊಳ್ಳಲು ಜಿಲ್ಲಾ ಕೋರ್ಟು ಒಪ್ಪದಿದ್ದರೆ, ಆ ಆದೇಶದ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 43 ರೂಲ್ 1(ಟಿ) ಕೆಳಗೆ ಅಪೀಲು ಹೋಗಬಹುದು. ಹೈಕೋರ್ಟಿಗೆ ಹೋಗಲು 90 ದಿನ. ದೃಢೀಕೃತ ನಕಲಿಗೆ ಕೋರ್ಟು ತೆಗೆದುಕೊಂಡ ದಿನಗಳು ಆ ಲೆಕ್ಕದಿಂದ ಹೊರಗೆ. ಒಂದು ತಿಂಗಳು ಆಗಲೇ ಕಳೆದಿದೆ. ನಕಲಿಗೆ ಅರ್ಜಿ ಕೊಟ್ಟಿಲ್ಲದಿದ್ದರೆ ಈ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ನವನಗರದ ಜಿಲ್ಲಾ ಕೋರ್ಟಿಗೆ ಹೋಗಿ ಅರ್ಜಿ ಕೊಟ್ಟು ಬನ್ನಿ.

ಒಂದು ಎಚ್ಚರಿಕೆ. ಇಂಥ ಪ್ರಕರಣದಲ್ಲಿ ಕೆಲವರು ನೇರವಾಗಿ ಎರಡನೇ ಅಪೀಲು (ಅಪೀಲು ಕೋರ್ಟಿನ ತೀರ್ಪಿನ ಮೇಲೆ ಹೈಕೋರ್ಟಿಗೆ ಹಾಕುವುದು) ಹಾಕಿಸುತ್ತಾರೆ. ಅದು ನಿಲ್ಲುವುದಿಲ್ಲ. ಗೈರುಹಾಜರಿಗೆ ವಜಾ ಮಾಡಿದ ಆದೇಶ ಕಾನೂನಿನ ಲೆಕ್ಕದಲ್ಲಿ 'ಡಿಕ್ರಿ' (ಹಕ್ಕು ಯಾರದ್ದು ಅಂತ ತೀರ್ಮಾನಿಸುವ ಆದೇಶ) ಅಲ್ಲ. ಡಿಕ್ರಿ ಇಲ್ಲದೆ ಎರಡನೇ ಅಪೀಲು ಇಲ್ಲ. ಅಲ್ಲೇ ಇನ್ನೊಂದು ವರ್ಷ ಹಾಳಾಗುತ್ತದೆ.

ಆದರೆ 2021ರ ಆದೇಶವನ್ನು ಅಕ್ಷರಕ್ಷರ ಓದಿಸಿ. ಸಾಮಾನ್ಯವಾಗಿ ಅದು ಆರ್ಡರ್ ಶೀಟಿನಲ್ಲಿ ಮೂರೇ ಸಾಲು ಇರುತ್ತದೆ: ಕೂಗಿಸಲಾಯಿತು, ಅಪೀಲುದಾರರೂ ಇಲ್ಲ, ವಕೀಲರೂ ಇಲ್ಲ, ಆದ್ದರಿಂದ ವಜಾ. ಹಾಗಿದ್ದರೆ ನಾನು ಹೇಳಿದ ದಾರಿಯೇ ಸರಿ. ಕೆಲವೊಮ್ಮೆ ನ್ಯಾಯಾಧೀಶರು ವಕೀಲರಿಲ್ಲದೆಯೇ ಕಾಗದಪತ್ರ ನೋಡಿ, "ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ತಪ್ಪಿಲ್ಲ" ಅಂತ ಬರೆದು ವಜಾ ಮಾಡಿರುತ್ತಾರೆ. ಹಾಗೆ ಮಾಡುವ ಅಧಿಕಾರ ಅವರಿಗಿಲ್ಲ. ಆರ್ಡರ್ 41 ರೂಲ್ 17ರ ವಿವರಣೆಯಲ್ಲೇ ಅದು ಸ್ಪಷ್ಟವಾಗಿದೆ. ಅಪೀಲುದಾರ ಬಾರದಿದ್ದರೆ ಗೈರಿಗೆ ವಜಾ ಮಾಡಬಹುದೇ ಹೊರತು ಗುಣದೋಷದ ಮೇಲೆ ಅಲ್ಲ. ಅಂಥ ಆದೇಶವಾಗಿದ್ದರೆ ನಿಮ್ಮ ಹೋರಾಟದ ರೂಪವೇ ಬೇರೆ. ನೀವು ಕಳಿಸಿದ ಪ್ರತಿಯಲ್ಲಿ ಮೊದಲನೇ ತರಹದ್ದೇ ಇದೆ ಅನ್ನಿಸುತ್ತದೆ, ಆದರೂ ಮೂಲ ನೋಡಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ವಕೀಲರ ತಪ್ಪಿಗೆ ಕಕ್ಷಿದಾರನಿಗೆ ಶಿಕ್ಷೆ ಆಗಬಾರದು ಅಂತ ಸುಪ್ರೀಂ ಕೋರ್ಟು ಹೇಳಿಲ್ಲವೇ? ಹೇಳಿದೆ. 1981ರಲ್ಲಿ, ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ. ಅಲಹಾಬಾದ್ ಹೈಕೋರ್ಟಿನಲ್ಲಿ ವಕೀಲರು ಬಾರದ ದಿನ ಅಪೀಲು ಮುಗಿದುಹೋಗಿತ್ತು, ಮತ್ತೆ ತೆರೆಯಿರಿ ಅಂತ ಹಾಕಿದ ಅರ್ಜಿಯೂ ತಿರಸ್ಕಾರವಾಗಿತ್ತು. ಹಳ್ಳಿಯ ಮನುಷ್ಯ ವಕೀಲರನ್ನು ನೇಮಿಸಿ, ಫೀ ಕೊಟ್ಟು, ವಿಷಯ ತಿಳಿಸಿ ಬಂದ ಮೇಲೆ, ವಕೀಲರು ಕೋರ್ಟಿಗೆ ಹೋದರೋ ಇಲ್ಲವೋ ಅಂತ ಕಾವಲು ಕಾಯಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಪೀಲನ್ನು ಜೀವಂತ ಮಾಡಿತು. ಖರ್ಚನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಿ ಅಂದಿತು. ಆ ತೀರ್ಪನ್ನು ಯಾರೂ ರದ್ದು ಮಾಡಿಲ್ಲ. ನಿಮ್ಮ ಹೊಸ ವಕೀಲರೂ ಅದನ್ನೇ ನೆಚ್ಚಿಕೊಂಡಿದ್ದಾರೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಎಲ್ಲೇ ಹೋಗಿ, ಇಂಥ ಅರ್ಜಿಗಳಲ್ಲಿ ರಫೀಕ್ ಇದ್ದೇ ಇರುತ್ತಾನೆ.

ತೊಂದರೆ ಏನೆಂದರೆ, ರಫೀಕ್ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಆ ದಿನ ನಿಮ್ಮ ಪರ ಯಾರೂ ಯಾಕೆ ಬರಲಿಲ್ಲ? ನಿಮ್ಮ ಪ್ರಕರಣದಲ್ಲಿ ಕೋರ್ಟು ಕೇಳಿದ್ದು ಅದನ್ನಲ್ಲ. ಅದಾದ ಮೇಲೆ ಎರಡೂ ಮುಕ್ಕಾಲು ವರ್ಷ ನೀವೇನು ಮಾಡುತ್ತಿದ್ದಿರಿ ಅಂತ ಕೇಳಿತು. ಗೈರಿಗೆ ಕಾರಣ ಬೇರೆ, ವಿಳಂಬಕ್ಕೆ ಕಾರಣ ಬೇರೆ. ವಕೀಲರ ತಪ್ಪು ಮೊದಲನೆಯದಕ್ಕೆ ಪೂರಾ ಉತ್ತರ. ಎರಡನೆಯದಕ್ಕೆ ಅರ್ಧ ಉತ್ತರವೂ ಅಲ್ಲ. ನಾನು ನೋಡಿದಂತೆ ಇಂಥ ಅರ್ಜಿಗಳು ಬೀಳುವುದು ಬಹುತೇಕ ಇಲ್ಲೇ.

ಕಾನೂನು ಹೀಗಿದೆ. ವಜಾ ಆದ ಅಪೀಲನ್ನು ಮತ್ತೆ ತೆಗೆದುಕೊಳ್ಳಿ ಅಂತ ಆರ್ಡರ್ 41 ರೂಲ್ 19ರಲ್ಲಿ ಅರ್ಜಿ ಹಾಕಲು ಕಾಲಮಿತಿ ಕಾಯ್ದೆಯ 122ನೇ ಪರಿಚ್ಛೇದ ಕೊಡುವುದು 30 ದಿನ. ಅದೂ ವಜಾ ಆದ ದಿನದಿಂದ, ನಿಮಗೆ ಗೊತ್ತಾದ ದಿನದಿಂದ ಅಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ಸಮನ್ಸೇ ತಲುಪದೆ ಏಕಪಕ್ಷೀಯ ಡಿಕ್ರಿ ಆದವರಿಗೆ ಮಾತ್ರ ಗೊತ್ತಾದ ದಿನದಿಂದ ಲೆಕ್ಕ. ಅಪೀಲು ಹಾಕಿದವರು ನೀವೇ ಆದ್ದರಿಂದ ಆ ಸವಲತ್ತು ನಿಮಗಿಲ್ಲ. 30 ದಿನ ದಾಟಿದರೆ ಅದೇ ಕಾಯ್ದೆಯ 5ನೇ ಕಲಮಿನಲ್ಲಿ 'ಸಾಕಷ್ಟು ಕಾರಣ' ತೋರಿಸಬೇಕು.

ಈ 'ಸಾಕಷ್ಟು ಕಾರಣ'ದ ಬಗ್ಗೆ ಸುಪ್ರೀಂ ಕೋರ್ಟಿನ ದನಿ ವರ್ಷಗಳಲ್ಲಿ ಬದಲಾಗಿದೆ. 1987ರ ಕಟಿಜಿ ಪ್ರಕರಣದಲ್ಲಿ ಉದಾರವಾಗಿ ನೋಡಿ ಅಂದರು. 1993ರ ಸಲಿಲ್ ದತ್ತಾ ಪ್ರಕರಣದಲ್ಲಿ, ಬೇಕೆಂದಾಗ ವಕೀಲರನ್ನು ತಳ್ಳಿಹಾಕಿ ಕೈ ತೊಳೆದುಕೊಳ್ಳಬಹುದು ಅನ್ನುವ ನಿಯಮವೇನೂ ಇಲ್ಲ ಅಂದರು. ಅಲ್ಲಿ ಕಕ್ಷಿದಾರ ಹಳ್ಳಿಯ ರೈತನಲ್ಲ, ಪ್ರೈವೇಟ್ ಲಿಮಿಟೆಡ್ ಕಂಪನಿ. 1998ರಲ್ಲಿ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ 883 ದಿನದ ವಿಳಂಬ ಮನ್ನಾ ಆಯಿತು. ಅಲ್ಲಿಯೂ ವಕೀಲರೇ ಕೈಕೊಟ್ಟಿದ್ದರು. ಆದರೆ ಆ ಮನುಷ್ಯ ಸುಮ್ಮನೆ ಕೂತಿರಲಿಲ್ಲ. ಗ್ರಾಹಕರ ವೇದಿಕೆಗೆ ಹೋಗಿ ಅದೇ ವಕೀಲರಿಂದ 50,000 ರೂಪಾಯಿ ಪರಿಹಾರದ ಆದೇಶ ತಂದಿದ್ದ. ತನ್ನ ಕಥೆ ನಿಜ ಅನ್ನುವುದಕ್ಕೆ ಅವನ ಹತ್ತಿರ ಇನ್ನೊಂದು ಕಡೆಯ ಮುದ್ರೆ ಇತ್ತು.

2013ರಿಂದ ಈಚೆಗೆ ಗಾಳಿ ತಿರುಗಿದೆ. ಆ ವರ್ಷದ ಬಸವರಾಜ್ ವಿರುದ್ಧ ವಿಶೇಷ ಭೂಸ್ವಾಧೀನಾಧಿಕಾರಿ ಪ್ರಕರಣ ನಮ್ಮ ಕಡೆಯದೇ, ಕಲಬುರಗಿಯಿಂದ ಹೋದದ್ದು. ಭೂಸ್ವಾಧೀನ ಪರಿಹಾರದ ಅಪೀಲಿಗೆ ಐದೂವರೆ ವರ್ಷ ತಡ. ಕಾಲಮಿತಿ ಕಾನೂನು ಒಬ್ಬರಿಗೆ ಕಠೋರ ಅನ್ನಿಸಿದರೂ ಅನ್ವಯಿಸಲೇಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಮುಳುಗಡೆ ಪರಿಹಾರದ ಕೇಸುಗಳಲ್ಲಿ ಸರ್ಕಾರಿ ವಕೀಲರು ಇದನ್ನು ಎತ್ತಿ ಹಿಡಿಯುತ್ತಲೇ ಇರುತ್ತಾರೆ. 2024ರ ನವೆಂಬರಿನಲ್ಲಿ ರಜನೀಶ್ ಕುಮಾರ್ ವಿರುದ್ಧ ವೇದ್ ಪ್ರಕಾಶ್ ತೀರ್ಪು ಬಂತು. ಎಲ್ಲ ತಪ್ಪನ್ನೂ ವಕೀಲರ ತಲೆಗೆ ಕಟ್ಟುವ ಚಾಳಿ ನಿಲ್ಲಬೇಕು, ತನ್ನ ಕೇಸು ಏನಾಗುತ್ತಿದೆ ಅಂತ ನೋಡಿಕೊಳ್ಳುವುದು ಕಕ್ಷಿದಾರನ ಹೊಣೆ ಎಂಬುದು ಅದರ ತಾತ್ಪರ್ಯ. ನಿಮ್ಮ ಆದೇಶದಲ್ಲಿ ಉಲ್ಲೇಖಿಸಿರುವುದೂ ಇದನ್ನೇ.

ಸರ್ಕಾರಕ್ಕೂ ಇದೇ ಬಿಸಿ ತಟ್ಟಿದೆ. ಕರ್ನಾಟಕ ಗೃಹ ಮಂಡಳಿಯ 3,966 ದಿನದ ವಿಳಂಬವನ್ನು ನಮ್ಮ ಹೈಕೋರ್ಟು ಮನ್ನಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಶಿವಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಇಲಾಖೆಗಳಿಗೆ ಒಂದು ನ್ಯಾಯ, ರೈತರಿಗೆ ಇನ್ನೊಂದು ಅನ್ನುವ ಹಳೇ ದೂರು ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ನನ್ನ ಅಭಿಪ್ರಾಯ ಕೇಳಿದರೆ, ಕೋರ್ಟುಗಳ ಬೇಸರ ನನಗೆ ಅರ್ಥವಾಗುತ್ತದೆ. ಎದುರಿಗಿನವನೂ ಮನುಷ್ಯನೇ ಅಲ್ವಾ? ಕೇಸು ಮುಗಿಯಿತು ಅಂದುಕೊಂಡು ಬೋರ್‌ವೆಲ್ ಹಾಕಿಸಿ, ಕಬ್ಬು ನಾಟಿ ಮಾಡಿದ ಮೇಲೆ ಎಲ್ಲ ಮತ್ತೆ ಶುರು ಅಂದರೆ ಅವನಿಗೆ ಹೇಗಾಗಬೇಡ. ಆದರೆ ಕಂಪನಿಗೆ ಹಾಕಿದ ಅಳತೆಗೋಲನ್ನೇ ಬೀಳಗಿಯ ರೈತನಿಗೆ ಹಾಕುವುದು ಸರಿಯಲ್ಲ. ರಫೀಕ್ ತೀರ್ಪಿನ ಜೀವ ಇದ್ದದ್ದು ಆ ವ್ಯತ್ಯಾಸದಲ್ಲೇ. "ಬರೋದು ಬೇಡ" ಅಂತ ವಕೀಲರೇ ಹೇಳಿದ ಮೇಲೆ ಎಷ್ಟು ಜನ ತಾರೀಖು ತಾರೀಖಿಗೆ ಹೋಗುತ್ತಾರೆ? ಈಚಿನ ತೀರ್ಪುಗಳನ್ನು ಉಲ್ಲೇಖಿಸುವ ಕೆಳಗಿನ ಕೋರ್ಟುಗಳು ಈ ಪ್ರಶ್ನೆ ಕೇಳಿಕೊಳ್ಳುವುದು ಕಡಿಮೆಯಾಗಿದೆ ಅನ್ನುವುದು ನನ್ನ ತಕರಾರು.

ಹಾಗಂತ ನಿಮ್ಮ ಅರ್ಜಿ ಚೆನ್ನಾಗಿತ್ತು ಅನ್ನಲಾರೆ. ಪ್ರಮಾಣಪತ್ರ (ಅಫಿಡವಿಟ್) ಓದಿದೆ. ಒಟ್ಟು ನಾಲ್ಕು ಪ್ಯಾರಾ. "ನಾನು ಅನಕ್ಷರಸ್ಥ ರೈತ, ಕಾನೂನಿನ ತಿಳಿವಳಿಕೆ ಇಲ್ಲ, ವಕೀಲರು ಮಾಹಿತಿ ನೀಡಲಿಲ್ಲ, ವಿಳಂಬ ಉದ್ದೇಶಪೂರ್ವಕವಲ್ಲ." ಇದು ಕಂಪ್ಯೂಟರಿನಲ್ಲಿ ಮೊದಲೇ ಕೂತಿರುವ ನಮೂನೆ. ಹೆಸರು ಬದಲಿಸಿ ಪ್ರಿಂಟ್ ತೆಗೆದಿದ್ದಾರೆ, ಅಷ್ಟೇ. ನಿಮ್ಮ ಅಪ್ಪ ಅದರ ಕೆಳಗೇ ಅಚ್ಚುಕಟ್ಟಾಗಿ ಸಹಿ ಮಾಡಿದ್ದಾರೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಎರಡೇ: "ಎಷ್ಟನೇ ಕ್ಲಾಸ್ ಓದೀರಿ?", "ಮಗ ಏನ್ ಮಾಡ್ತಾನ?" ಉತ್ತರ: ಏಳನೇ ತರಗತಿ, ಮಗ ಹೈಸ್ಕೂಲ್ ಮೇಷ್ಟ್ರು. ಅಲ್ಲಿಗೆ ಮೊದಲ ಸಾಲೇ ಸುಳ್ಳಾಯಿತು. ಮೊದಲ ಸಾಲು ಸುಳ್ಳಾದರೆ ಮೂರನೇ ಸಾಲನ್ನು ಯಾರು ನಂಬುತ್ತಾರೆ? ಅಪ್ಪ ಸುಳ್ಳು ಹೇಳುವವರಲ್ಲ ಅಂತ ನಿಮಗೆ ಗೊತ್ತು. ನ್ಯಾಯಾಧೀಶರಿಗೆ ಹೇಗೆ ಗೊತ್ತಾಗಬೇಕು?

ಬರೆಯಬೇಕಿದ್ದದ್ದು ನಿಜವಾಗಿ ನಡೆದದ್ದು. ಅಪೀಲು ಹಾಕಿದ ಮೇಲೆ ವಕೀಲರ ಆಫೀಸಿಗೆ ಯಾವಾಗ ಯಾವಾಗ ಹೋಗಿದ್ದಿರಿ. ಅವರು ಏನಂದರು. ಫೀ ಎಷ್ಟು, ಹೇಗೆ ಕೊಟ್ಟಿರಿ. ನೀವು ಪತ್ರದಲ್ಲಿ ಪಕ್ಕಕ್ಕೆ ಬರೆದಿರುವ ಒಂದು ಮಾತು ಅರ್ಜಿಯಲ್ಲಿ ಎಲ್ಲೂ ಇಲ್ಲ: 2023ರ ದೀಪಾವಳಿ ಹೊತ್ತಿಗೆ ಫೋನ್‌ಪೇಯಲ್ಲಿ 3,000 ರೂಪಾಯಿ ಕಳಿಸಿದ್ದೀರಿ, "ಕೇಸು ನಡೀತಾ ಇದೆ" ಅಂತ ವಕೀಲರು ವಾಟ್ಸಾಪ್ ಮಾಡಿದ್ದಾರೆ. ಅಪೀಲು ಸತ್ತು ಹೆಚ್ಚುಕಡಿಮೆ ಎರಡು ವರ್ಷ ಆದ ಮೇಲೆ! ನಿಮ್ಮ ಇಡೀ ಕೇಸಿನ ಜೀವ ಇರುವುದು ಈ ಮೆಸೇಜಿನಲ್ಲಿ. ಕಕ್ಷಿದಾರ ವಿಚಾರಿಸುತ್ತಲೇ ಇದ್ದ, ಅವನಿಗೆ ತಪ್ಪು ಮಾಹಿತಿ ಸಿಕ್ಕಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸುಮ್ನೆ ಕೂತ ಕಕ್ಷಿದಾರನಿಗೂ ಮೋಸ ಹೋದ ಕಕ್ಷಿದಾರನಿಗೂ ಇರುವ ಫರಕು ಇದೇ.

ಆ ಫೋನನ್ನು ಜೋಪಾನ ಮಾಡಿ. ಬದಲಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಬ್ಯಾಂಕಿನಿಂದ ಆ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ. ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ ಸರ್ಟಿಫಿಕೇಟಿನ ಜೊತೆ ಹೈಕೋರ್ಟಿನಲ್ಲಿ ಹೆಚ್ಚುವರಿ ದಾಖಲೆಯಾಗಿ ಹಾಜರುಪಡಿಸಲು ಅರ್ಜಿ ಹಾಕಬೇಕಾಗುತ್ತದೆ. ಕೆಳಗೇ ಯಾಕೆ ಕೊಡಲಿಲ್ಲ ಅಂತ ಕೇಳುತ್ತಾರೆ, ಅದಕ್ಕೂ ಪ್ರಾಮಾಣಿಕ ಉತ್ತರ ಇರಲಿ. ನನ್ನ ಊಹೆ ಹೇಳಲೇ? ಹೊಸ ವಕೀಲರು ಹಳೇ ವಕೀಲರ ವಿರುದ್ಧ ದಾಖಲೆ ಇಡಲು ಹಿಂಜರಿದಿರಬಹುದು. ಇಬ್ಬರೂ ಒಂದೇ ಬಾರಿನವರು, ದಿನಾ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುವವರು. ಸಣ್ಣ ಊರುಗಳಲ್ಲಿ ಇದು ದೊಡ್ಡ ಅಡ್ಡಿ. ನಾನೂ ಅದೇ ಕಪ್ಪು ಕೋಟಿನವನು, ಆದ್ದರಿಂದ ಹೇಳುತ್ತಿದ್ದೇನೆ. ಧಾರವಾಡದಲ್ಲಿ ಹಿಡಿಯುವ ವಕೀಲರಿಗೆ ಈ ಮುಲಾಜು ಇರದಂತೆ ನೋಡಿಕೊಳ್ಳಿ.

ಹಳೇ ವಕೀಲರನ್ನು ಒಮ್ಮೆ ಭೇಟಿಯಾಗಿ. ಜಗಳಕ್ಕಲ್ಲ. "ತಾರೀಖು ಬರೆದುಕೊಳ್ಳುವುದರಲ್ಲಿ ನನ್ನಿಂದ ತಪ್ಪಾಯಿತು, ಕಕ್ಷಿದಾರರಿಗೆ ತಿಳಿಸಲಿಲ್ಲ" ಅಂತ ಅವರೇ ಒಂದು ಪ್ರಮಾಣಪತ್ರ ಕೊಟ್ಟರೆ ನಿಮ್ಮ ಹತ್ತು ಪುಟಕ್ಕಿಂತ ಅದು ಜಾಸ್ತಿ ತೂಗುತ್ತದೆ. ಕೊಡುವವರು ಕಡಿಮೆ, ಆದರೆ ಇದ್ದಾರೆ. ಫೀ ಬಾಕಿ ಅಂತ ಫೈಲು ಹಿಡಿದಿಟ್ಟುಕೊಂಡರೆ, ಅದಕ್ಕೆ ಅವರಿಗೆ ಹಕ್ಕಿಲ್ಲ. 2000ದ ಆರ್.ಡಿ. ಸಕ್ಸೇನಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟವಾಗಿ ಹೇಳಿದೆ.

ಇನ್ನು 997ರ ಲೆಕ್ಕ. ಇದನ್ನು ಯಾರೂ ಗಮನಿಸಿಲ್ಲ ಅನ್ನುವುದು ನನಗೆ ಆಶ್ಚರ್ಯ. ಕೊರೊನಾ ಕಾಲದಲ್ಲಿ ಸುಪ್ರೀಂ ಕೋರ್ಟು ಸ್ವಯಂಪ್ರೇರಿತವಾಗಿ ಕಾಲಮಿತಿಯನ್ನು ವಿಸ್ತರಿಸಿತ್ತು. 2022ರ ಜನವರಿ 10ರ ಕೊನೆಯ ಆದೇಶದ ಪ್ರಕಾರ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ನಡುವೆ ಯಾರ ಗಡುವು ಮುಗಿದಿತ್ತೋ ಅವರಿಗೆಲ್ಲ ಮಾರ್ಚ್ 1ರಿಂದ 90 ದಿನ ಸಿಗುತ್ತದೆ. ನಿಮ್ಮ 30 ದಿನ ಮುಗಿದದ್ದು 2021ರ ಡಿಸೆಂಬರ್ 18ಕ್ಕೆ. ಅಂದರೆ ನೀವು ಆ ಗುಂಪಿಗೆ ಸೇರುತ್ತೀರಿ, ನಿಮ್ಮ ಗಡುವು 2022ರ ಮೇ ಕೊನೆಯವರೆಗೆ ಇತ್ತು. ನಿಜವಾದ ವಿಳಂಬ ಸುಮಾರು 835 ದಿನ. ಇದರಿಂದ ಕೇಸು ಗೆದ್ದಂತೆ ಆಗುವುದಿಲ್ಲ, 835 ಕೂಡ ದೊಡ್ಡದೇ. ಆದರೆ ಐದು ತಿಂಗಳಿಗೂ ಮೇಲಿನ ವಿಳಂಬವನ್ನು ನಿಮ್ಮ ಮೇಲೆ ತಪ್ಪಾಗಿ ಹೊರಿಸಲಾಗಿದೆ ಅನ್ನುವುದು ಹೈಕೋರ್ಟಿನಲ್ಲಿ ಎತ್ತುವಂಥ ಅಂಶ. ಹಾಗೆಯೇ ಆಗಸ್ಟಿನ ನೋಟಿಸಿನಿಂದ ಸೆಪ್ಟೆಂಬರ್ 10ರವರೆಗಿನ ದಿನಗಳಿಗೂ ವಿವರ ಕೊಡಿ. ನಕಲಿಗೆ ಯಾವತ್ತು ಅರ್ಜಿ ಕೊಟ್ಟಿರಿ, ಯಾವತ್ತು ಸಿಕ್ಕಿತು ಅನ್ನುವುದು ನಕಲಿನ ಹಿಂಬದಿಯ ಸೀಲಿನಲ್ಲೇ ಇರುತ್ತದೆ.

ನಿಮಗೆ ಅನುಕೂಲವಾದ ಇನ್ನೊಂದು ಮಾತು ಅದೇ ಬಾಲಕೃಷ್ಣನ್ ತೀರ್ಪಿನಲ್ಲಿದೆ. ಕೆಳಗಿನ ಕೋರ್ಟು ವಿಳಂಬ ಮನ್ನಿಸಿದ್ದರೆ ಮೇಲಿನ ಕೋರ್ಟು ಸುಲಭಕ್ಕೆ ಕೈ ಹಾಕಬಾರದು. ಮನ್ನಿಸದೆ ಇದ್ದರೆ ಮಾತ್ರ ಕಾರಣವನ್ನು ಹೊಸದಾಗಿ ನೋಡಲು ಮೇಲಿನ ಕೋರ್ಟು ಸ್ವತಂತ್ರ. ನಿಮ್ಮದು ಎರಡನೇ ಸ್ಥಿತಿ. ರಫೀಕ್‌ಗಿಂತ ಇದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜೊತೆಗೆ ನೀವೇ ಮುಂದಾಗಿ ಷರತ್ತು ಒಪ್ಪಿಕೊಳ್ಳಿ: ಎದುರುದಾರರಿಗೆ ಖರ್ಚು ಕೊಡುತ್ತೇವೆ, ಅಪೀಲು ಮತ್ತೆ ತೆರೆದರೆ ಇಂತಿಷ್ಟು ತಿಂಗಳಲ್ಲಿ ವಾದ ಮುಗಿಸುತ್ತೇವೆ, ಮುದ್ದತ್ತು ಕೇಳುವುದಿಲ್ಲ. ಭೂಸ್ವಾಧೀನದ ಕೆಲವು ಪ್ರಕರಣಗಳಲ್ಲಿ, ತಡವಾದ ಅವಧಿಗೆ ಬಡ್ಡಿ ಇಲ್ಲ ಅನ್ನುವ ಷರತ್ತಿನ ಮೇಲೆ ಸುಪ್ರೀಂ ಕೋರ್ಟೇ ಮನ್ನಿಸಿದೆ. ಎದುರಿನವರಿಗೆ ನಷ್ಟವಾಗದಂತೆ ದಾರಿ ತೋರಿಸಿದವರ ಮಾತನ್ನು ಕೋರ್ಟು ಕೇಳಿಸಿಕೊಳ್ಳುತ್ತದೆ.

ವಕೀಲರ ಮೇಲೆ ಕ್ರಮದ ಬಗ್ಗೆಯೂ ಕೇಳಬಹುದು ನೀವು. ಬಾಲಕೃಷ್ಣನ್ ಹೋದ ಗ್ರಾಹಕರ ವೇದಿಕೆಯ ದಾರಿ ಈಗ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ 14ರಂದು ಸುಪ್ರೀಂ ಕೋರ್ಟು ಹೇಳಿತು. ಒಂದು ಕಡೆ ವಕೀಲರನ್ನು ದೂರಬೇಡಿ, ಇನ್ನೊಂದು ಕಡೆ ಅಗ್ಗದ ವೇದಿಕೆಯಲ್ಲಿ ಪರಿಹಾರ ಕೇಳಬೇಡಿ. ಎರಡೂ ಒಂದೇ ವರ್ಷ ಬಂದವು. ರೈತ ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಉಳಿದ ದಾರಿ ಎರಡು. ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಸಿವಿಲ್ ದಾವೆ ಹಾಕಬಹುದು. 1926ರ ವಕೀಲರ ಫೀ ಕಾಯ್ದೆಯ 5ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಇಲ್ಲವೇ ವಕೀಲರ ಕಾಯ್ದೆಯ 35ನೇ ಕಲಮಿನಲ್ಲಿ ರಾಜ್ಯ ವಕೀಲರ ಪರಿಷತ್ತಿಗೆ ದೂರು. ಪರಿಷತ್ತು ಛೀಮಾರಿ ಹಾಕಬಹುದು, ವಕೀಲಿಕೆಯ ಸನದು (ಪರವಾನಗಿ) ಅಮಾನತು ಮಾಡಬಹುದು. ನಿಮ್ಮ ಅಪೀಲನ್ನು ಜೀವಂತ ಮಾಡಲು ಅದಕ್ಕೆ ಬರುವುದಿಲ್ಲ. ದೂರು ಕೊಟ್ಟಿದ್ದೀರಾ ಅಂತ ಕೋರ್ಟು ಕೇಳುವುದುಂಟು. ಆದರೆ ಬರೀ ಅದಕ್ಕಾಗಿ ದೂರು ಕೊಡುವುದು ನನಗೆ ಇಷ್ಟವಿಲ್ಲ. ವಾಟ್ಸಾಪ್ ಮೆಸೇಜು ನೀವು ಹೇಳಿದಂತೆಯೇ ಇದ್ದರೆ ಮಾತ್ರ ದೂರಿಗೆ ಬಲವಿದೆ.

ಇದೇ ಸಮಸ್ಯೆಯ ಬೇರೆ ಓದುಗರಿಗೆ ಎರಡು ಮಾತು. ಕ್ರಿಮಿನಲ್ ಅಪೀಲಿಗೆ ಈ ಗೈರಿಗೆ ವಜಾ ಮಾಡುವ ನಿಯಮ ಇಲ್ಲ. ವಕೀಲರು ಬಾರದಿದ್ದರೂ ದಾಖಲೆ ನೋಡಿಯೇ ತೀರ್ಮಾನಿಸಬೇಕು ಅಂತ 1996ರ ಬಾನಿ ಸಿಂಗ್ ತೀರ್ಪು ಹೇಳುತ್ತದೆ. ಮತ್ತೆ, ಅಪೀಲು ಹಾಕಿದವರು ತೀರಿಕೊಂಡರೆ ವಾರಸುದಾರರು 90 ದಿನದಲ್ಲಿ ಹೆಸರು ಸೇರಿಸಬೇಕು. ಇಲ್ಲದಿದ್ದರೆ ಯಾರೂ ವಜಾ ಮಾಡದೆಯೇ ಅದು ತಾನಾಗಿ ಅಂತ್ಯವಾಗುತ್ತದೆ. ತಾರೀಖು ನೋಡಲು ಈಗ ವಕೀಲರೇ ಬೇಕಿಲ್ಲ. ಇ-ಕೋರ್ಟ್ಸ್ ಆಪಿನಲ್ಲಿ 16 ಅಂಕಿ-ಅಕ್ಷರಗಳ ಸಿಎನ್ಆರ್ ನಂಬರ್ (ಆ ಕೇಸಿನ ಗುರುತಿನ ಸಂಖ್ಯೆ) ಹಾಕಿದರೆ ಮುಂದಿನ ತಾರೀಖು, ಹಿಂದಿನ ಆದೇಶ ಎಲ್ಲ ಬರುತ್ತದೆ. ಈ ಆಪು ಬಂದಿದ್ದೇ ಕೋರ್ಟುಗಳು ಬಿಗಿಯಾಗಲು ಒಂದು ಕಾರಣ ಅಂತ ನನ್ನ ಭಾವನೆ. ಮೇಷ್ಟ್ರು ಮಗ ಮನೆಯಲ್ಲಿದ್ದಾಗ "ಗೊತ್ತಾಗಲಿಲ್ಲ" ಅನ್ನುವುದು ಈಗ ಕಷ್ಟ. ಇದಕ್ಕೆ ನೀವೇ ಒಂದು ಪ್ರಮಾಣಪತ್ರ ಹಾಕಿ: ನಾನು ಎಲ್ಲಿ ಕೆಲಸ ಮಾಡುತ್ತೇನೆ, ಅಪ್ಪನ ಕೇಸಿನ ವ್ಯವಹಾರ ಯಾರು ನೋಡುತ್ತಿದ್ದರು, ನಾನು ಯಾಕೆ ನೋಡಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯಿರಿ.

ಕೊನೆಯದಾಗಿ ಎಕ್ಸಿಕ್ಯೂಷನ್. ಅಪೀಲು ವಜಾ ಆದಾಗಲೇ ನಿಮ್ಮ ಸ್ಟೇ ಕೂಡ ಹೋಯಿತು. ಈಗ ಕೋರ್ಟಿನ ಅಮೀನ ಬಂದು ಜಮೀನು ಬಿಡಿಸಿಕೊಟ್ಟರೆ, ಆಮೇಲೆ ಗೆದ್ದರೂ ವಾಪಸ್ ಪಡೆಯಲು ಇನ್ನೊಂದು ಸುತ್ತು. ಅದಕ್ಕೆ ಧಾರವಾಡದಲ್ಲಿ ಅಪೀಲಿನ ಜೊತೆಗೇ, ಅದೇ ದಿನ, ತಡೆಯಾಜ್ಞೆ ಅರ್ಜಿ ಹಾಕಿಸಿ. ದಾಯಾದಿಗಳು ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಅನ್ನುವ ಮುಂಚಿತ ಅರ್ಜಿ) ಹಾಕಿದ್ದಾರಾ ಅಂತ ಮೊದಲೇ ನೋಡಿಸಿ. ಹಾಕಿದ್ದರೆ ಅವರಿಗೆ ಪ್ರತಿ ಕೊಡದೆ ಕೇಸು ಮುಂದೆ ಹೋಗುವುದಿಲ್ಲ. ಫೈಲಿಂಗ್ ಆದ ಮೇಲೆ ಆಫೀಸ್ ಆಬ್ಜೆಕ್ಷನ್ ಬರುತ್ತದೆ. ಪುಟದ ನಂಬರು, ಕೋರ್ಟ್ ಫೀ, ಅನುವಾದ, ಹೀಗೆ ಏನೋ ಒಂದು. ಅದನ್ನು ಸರಿಪಡಿಸದೆ ಬಿಟ್ಟು ವಜಾ ಆಗುವ ಅಪೀಲುಗಳೂ ಅಲ್ಲಿ ಬೇಕಾದಷ್ಟಿವೆ. ಫೈಲಿಂಗ್ ನಂಬರ್ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ನೀವೇ ಆನ್‌ಲೈನಿನಲ್ಲಿ ನೋಡಿ.